ಯಯಾತಿಗೊಬ್ಬ ವಾಲಿಕಾರ

ಆಸೆಯ ಬಗ್ಗೆ ನಾಟಕ ಬರೆಯುವುದು ಸುಲಭ. ಆಡಿಸುವುದು ಕಷ್ಟ. ಬರೆಯುವಾಗ ಪಾತ್ರದ ಬಾಯಲ್ಲಿ ‘ಬೇಕು, ಬೇಕು’ ಅಂತ ಎಷ್ಟು ಸಲ ಬೇಕಾದರೂ ಹೇಳಿಸಬಹುದು. ಆಡುವಾಗ ಎರಡನೇ ಸಲಕ್ಕೇ ಜನ ಚಹಾ ಕುಡಿಯಲು ಎದ್ದು ಹೋಗುತ್ತಾರೆ.

ನಮ್ಮದು ಬಾಗಲಕೋಟೆ ಜಿಲ್ಲೆಯ ಜಮಖಂಡಿ ಸೀಮೆಯ ಒಂದು ಹಳ್ಳಿ. ಜಾತ್ರೆಗೆ ಊರ ಹುಡುಗರನ್ನು ಸೇರಿಸಿ ಆಟ ಕಲಿಸುವುದು ನನ್ನ ಹುಚ್ಚು. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ. ಈಚೆಗೆ ಯಯಾತಿಯ ಕಥೆಯನ್ನು ಸಣ್ಣಾಟದ, ಅಂದರೆ ಉತ್ತರ ಕರ್ನಾಟಕದ ಹಾಡು-ಮಾತಿನ ಜನಪದ ಆಟದ, ಧಾಟಿಯಲ್ಲಿ ಕಟ್ಟಿ ಆಡಿಸಿದೆವು. ಅದನ್ನು ಕಟ್ಟಿದ್ದು ಹೇಗೆ ಅಂತ ಹೇಳುತ್ತೇನೆ.

ಕಥೆ ಎಲ್ಲರಿಗೂ ಗೊತ್ತು. ರಾಜ ಯಯಾತಿ ಹೆಂಡತಿ ದೇವಯಾನಿಯ ಕಣ್ಣು ತಪ್ಪಿಸಿ ಶರ್ಮಿಷ್ಠೆಯನ್ನು ಕೂಡಿಕೊಂಡ. ದೇವಯಾನಿ ತಂದೆ ಶುಕ್ರಾಚಾರ್ಯರ ಮುಂದೆ ಹೋಗಿ ಅತ್ತಳು. ಅವರು ಮುದುಕನಾಗು ಅಂತ ಶಾಪ ಕೊಟ್ಟರು. ಯಾರಾದರೂ ಒಪ್ಪಿದರೆ ಮುಪ್ಪನ್ನು ಅವರಿಗೆ ಕೊಟ್ಟು ಹರೆಯ ತಗೊಳ್ಳಬಹುದು ಅಂತ ಒಂದು ದಾರಿಯನ್ನೂ ಬಿಟ್ಟರು. ಐವರು ಮಕ್ಕಳಲ್ಲಿ ಯದು, ತುರ್ವಸು, ದ್ರುಹ್ಯು, ಅನು ಒಲ್ಲೆ ಅಂದರು. ಕಿರಿಯವನು ಪುರು ಒಪ್ಪಿದ.

ಇದನ್ನು ದೊಡ್ಡವರು ಈಗಾಗಲೇ ಬರೆದಿದ್ದಾರೆ. ವಿ.ಸ. ಖಾಂಡೇಕರರ ಮರಾಠಿ ಕಾದಂಬರಿ ‘ಯಯಾತಿ’ 1959ರದ್ದು. ಅದನ್ನು ಮರಾಠಿಯಲ್ಲೇ ಓದಿದವರು ನಮ್ಮ ಗಡಿಭಾಗದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಗಿರೀಶ ಕಾರ್ನಾಡರ ನಾಟಕ 1961ರದ್ದು. ಅದರಲ್ಲಿ ಪುರುವಿನ ಹೆಂಡತಿ ಚಿತ್ರಲೇಖೆ ಬರುತ್ತಾಳೆ. ಮಹಾಭಾರತದಲ್ಲಿ ಆ ಪಾತ್ರ ಇಲ್ಲ, ಕಾರ್ನಾಡರು ತಂದದ್ದು. ಹೊಸದಾಗಿ ಮದುವೆಯಾದ ಗಂಡ ಇದ್ದಕ್ಕಿದ್ದಂತೆ ಮುದುಕನಾಗಿ ನಿಂತರೆ ಆ ಹುಡುಗಿ ಏನು ಮಾಡಬೇಕು? ಈ ಕಥೆಯಲ್ಲಿ ಅದಕ್ಕಿಂತ ಗಟ್ಟಿ ಜಾಗ ನನಗೆ ಕಂಡಿಲ್ಲ. ಅದಕ್ಕೇ ಆ ಕಡೆ ಹೋಗಬಾರದು ಅಂತ ಮೊದಲೇ ನಿರ್ಧಾರ ಮಾಡಿದೆ.

ನನಗೆ ದಾರಿ ತೋರಿಸಿದ್ದು ನಮ್ಮ ಹಳೆಯ ಆಟಗಳು. ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ ತಗೊಳ್ಳಿ. ಸಂಗ್ಯಾನಿಗೆ ಪರರ ಹೆಂಡತಿ ಗಂಗಾಳ ಮೇಲೆ ಮನಸ್ಸು. ಕೊನೆಗೆ ಅದರಿಂದಲೇ ಅವನ ಕೊಲೆ. ಆದರೆ ಅವನ ಆಸೆ ಎಷ್ಟು ಕೆಟ್ಟದ್ದು, ಎಷ್ಟು ಆಳದ್ದು ಅಂತ ನಮಗೆ ತಿಳಿಯುವುದು ಗೆಳೆಯ ಬಾಳ್ಯಾನಿಂದ, ನಡುವೆ ಓಡಾಡುವ ಮುದುಕಿಯಿಂದ. ಗೋಕಾಕ ಕಡೆಯ ‘ಶ್ರೀಕೃಷ್ಣ ಪಾರಿಜಾತ’ದಲ್ಲೂ ಅಷ್ಟೇ. ಆ ಆಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣ, ಅದನ್ನು ಆಡಿ ಹೆಸರಾದ ಕೌಜಲಗಿ ನಿಂಗಮ್ಮ ಇವರ ಹೆಸರು ಹೇಳಿದರೆ ಈಗಲೂ ಆ ಸೀಮೆಯ ಹಿರಿಯರ ಮುಖ ಅರಳುತ್ತದೆ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ. ಸತ್ಯಭಾಮೆಗೆ ಹೊಟ್ಟೆಯಲ್ಲಿ ಬೆಂಕಿ. ಆ ಬೆಂಕಿಯ ಕಾವು ನಮಗೆ ಮುಟ್ಟುವಂತೆ ಮಾಡುವವಳು ದೂತಿ. ಅವಳು ನಗಿಸುತ್ತಾಳೆ, ಬೈಸಿಕೊಳ್ಳುತ್ತಾಳೆ, ಹೋಗಿ ಬಂದು ಮಾಡುತ್ತಾಳೆ.

ಆಸೆಪಟ್ಟವನು ಹಾಡು ಹೇಳುತ್ತಾನೆ. ನಡುವಿನವನು ಲೆಕ್ಕ ಹೇಳುತ್ತಾನೆ. ಇದರಲ್ಲಿ ನನಗೇನು ಸಿಗುತ್ತೆ, ಸಿಕ್ಕಿಬಿದ್ದರೆ ಬೆನ್ನು ಯಾರದು, ಆ ಮನೆಯ ನಾಯಿ ಕಚ್ಚುತ್ತಾ? ಆಸೆಗೆ ನಿಜವಾಗಿ ಬೆಲೆ ಕಟ್ಟುವವನು ಅವನೇ. ಮಹಾಭಾರತದ ಯಯಾತಿ ಕಥೆಯಲ್ಲಿ ಅಂಥವನಿಲ್ಲ. ರಾಜ ತಾನೇ ಒಬ್ಬೊಬ್ಬ ಮಗನನ್ನು ಕೇಳುತ್ತಾನೆ. ಆಟಕ್ಕೆ ಅದು ಸಾಲುವುದಿಲ್ಲ. ನಾನು ಒಬ್ಬ ವಾಲಿಕಾರನನ್ನು ತಂದೆ. ಊರಗೌಡರ ಓಲೆ ಹೊತ್ತು ಓಡಾಡುತ್ತಿದ್ದರಲ್ಲ, ಅಂಥವನು. ಮುದುಕ, ಮಂಡಿ ನೋವು, ಬಾಯಿ ಜೋರು. ರಾಜನ ಮಾತನ್ನು ಅವನು ಮಗನಿಂದ ಮಗನಿಗೆ ಹೊರುತ್ತಾನೆ.

ಅವನು ಬಂದದ್ದೇ ತಡ, ಆಟಕ್ಕೆ ಜೀವ ಬಂತು. ಯದುವಿನ ಮುಂದೆ ಅವನು ರಾಜನ ಮಾತನ್ನು ಇದ್ದಂತೆಯೇ ಒಪ್ಪಿಸುತ್ತಾನೆ. ಬೈಸಿಕೊಂಡು ಬರುತ್ತಾನೆ. ತುರ್ವಸುವಿನ ಹತ್ತಿರ ಸ್ವಲ್ಪ ಸಿಹಿ ಬೆರೆಸುತ್ತಾನೆ. ಮೂರನೆಯವನಿಗೆ ‘ಬರೇ ಸ್ವಲ್ಪ ದಿನ ಐತಿ, ಕೈಗಡ ಅಂತ ತಿಳೀರಿ’ ಅನ್ನುತ್ತಾನೆ. ಅನುವಿನ ಹತ್ತಿರ ಹೋಗುವ ಹೊತ್ತಿಗೆ ಅದು ರಾಜನ ಮಾತೇ ಅಲ್ಲ, ಪೂರಾ ವಾಲಿಕಾರನದ್ದು. ನಾಚಿಕೆ ಒಂದೊಂದೇ ಪದರ ಕಳಚುವುದು ಜನರಿಗೆ ಕಾಣುತ್ತದೆ, ರಾಜ ಮಾತ್ರ ಒಳಗೆ ಕೂತೇ ಇರುತ್ತಾನೆ. ಪುರುವಿನ ಹತ್ತಿರ ಬಂದಾಗ ವಾಲಿಕಾರ ಏನೂ ಬಣ್ಣ ಹಚ್ಚುವುದಿಲ್ಲ. ಸುಸ್ತಾಗಿರುತ್ತದೆ. ಪುರು ಅವನಿಗೆ ನೀರು ಕೊಡುತ್ತಾನೆ, ಆಮೇಲೆ ಹೂಂ ಅನ್ನುತ್ತಾನೆ.

ತಾಲೀಮಿನಲ್ಲಿ ಜಾಸ್ತಿ ಕಷ್ಟ ಕೊಟ್ಟದ್ದು ಯಯಾತಿಯ ಪಾರ್ಟು. ನಮ್ಮ ಹುಡುಗರಿಗೆ ಆಸೆ ಅಂದರೆ ಮೀಸೆ ತಿರುವುವುದು, ಕಣ್ಣು ಅರಳಿಸುವುದು, ಸೀರೆ ಸೆರಗಿನ ಹಿಂದೆ ಓಡುವುದು. ಸಿನಿಮಾ ಕಲಿಸಿದ್ದು ಅದು. ನಾನು ಒಂದೇ ಮಾತು ಹಿಡಿದೆ: ಹರೆಯ ಮರಳಿ ಬಂದ ಮೊದಲ ಗಳಿಗೆಯಲ್ಲಿ ಅವನ ಮೈ ಏನು ಕೇಳುತ್ತದೆ? ಹೆಣ್ಣು ಆಮೇಲೆ. ಮೊದಲು ಹಲ್ಲು! ನಮ್ಮ ಕಡೆ ಕಬ್ಬಿಗೇನು ಕೊರತೆ? ಒಂದು ಜಲ್ಲೆ ತಂದುಕೊಟ್ಟೆ. ಯಯಾತಿ ಅದನ್ನು ಹಲ್ಲಿನಿಂದಲೇ ಸಿಗಿದು, ಜಗಿದು, ರಸ ಗದ್ದಕ್ಕೆ ಇಳಿಯುವಾಗಲೂ ಒರೆಸಿಕೊಳ್ಳದೆ ನಿಲ್ಲುತ್ತಾನೆ. ಮಾತಿಲ್ಲ, ಹಾಡಿಲ್ಲ, ಹಾರ್ಮೋನಿಯಂ ಕೂಡ ನಿಲ್ಲಿಸಿದ್ದೆ. ಆಚೆ ಮೂಲೆಯಲ್ಲಿ ಇಪ್ಪತ್ತರ ಪುರು ಕಟಕ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಮೆತ್ತಗಾಗಲಿ ಅಂತ ಕಾಯುತ್ತಾನೆ. ಇಡೀ ಆಟದಲ್ಲಿ ನನಗೆ ಹೆಮ್ಮೆ ಇರುವ ಜಾಗ ಇದು. ಹುಡುಗ ಕಬ್ಬು ತಿನ್ನುವುದನ್ನು ನೋಡಿ ಮುಂದೆ ಕೂತ ಮುದುಕರು ಬಾಯಿ ಚಪ್ಪರಿಸಿದರು ಅಂತ ಹಿಮ್ಮೇಳದವರು ಹೇಳಿದರು.

ದೇವಯಾನಿಯ ವಿಷಯ ಎತ್ತಿದ್ದು ನಮ್ಮ ದೊಡ್ಡವ್ವ. ತಾಲೀಮು ನೋಡಲು ಬಂದು ಕೂತಿದ್ದಳು.

‘ಅಲ್ಲೋ ತಮ್ಮಾ, ಗಂಡ ಮತ್ತ ಹರೇದಂವ ಆದ. ಆಕಿನ್ನ ಯಾರರ ಕೇಳಿದ್ರೇನು?’

‘ಏನಂತ ಕೇಳಬೇಕು ದೊಡ್ಡವ್ವಾ?’

‘ನಿನಗೇನು ಬೇಕವ್ವಾ ಅಂತ.’

ನನ್ನ ಹಸ್ತಪ್ರತಿಯಲ್ಲಿ ದೇವಯಾನಿ ಆ ಹೊತ್ತಿಗೆ ರಂಗದಿಂದ ಹೊರಗಿದ್ದಳು. ಅವಳಿಗೆ ಏನು ಬೇಕಿರಬಹುದು ಅಂತ ಹುಡುಕುತ್ತಾ ‘ಗರತಿಯ ಹಾಡು’ ತೆಗೆದೆ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ತಂದ ತ್ರಿಪದಿಗಳು. ಬೀಸುವ ಕಲ್ಲಿನ ಮುಂದೆ ನಮ್ಮ ಹೆಣ್ಣುಮಕ್ಕಳು ಗಂಡನನ್ನು ಹಾಡಿದ್ದಾರೆ, ಕೂಸನ್ನು ಹಾಡಿದ್ದಾರೆ. ತವರನ್ನು ಹಾಡುವಾಗ ಮಾತ್ರ ಆಸೆಗೆ ತಡೆಯೇ ಇರುವುದಿಲ್ಲ. ದೇವಯಾನಿಯ ತವರು ಯಾವುದು? ಗಂಡನಿಗೆ ಶಾಪ ಕೊಟ್ಟ ಅಪ್ಪನ ಮನೆ. ದೂರು ಹೇಳಿದವಳು ಅವಳೇ. ಮತ್ತೆ ಯಾವ ಮುಖ ಇಟ್ಟುಕೊಂಡು ಹೋಗಬೇಕು, ಅಲ್ವಾ? ಬೀಸುವ ಪದದ ಧಾಟಿಯಲ್ಲಿ ಅವಳಿಗೆ ಒಂದು ಹಾಡು ಬರೆದೆ. ಆ ಪಾರ್ಟು ಮಾಡುವ ಹುಡುಗ ಹೊಲದ ಕೆಲಸದವನು, ದಪ್ಪ ದನಿ. ಅದೇ ಒಳ್ಳೆಯದಾಯಿತು. ತೆಳ್ಳಗಿನ ದನಿಯಲ್ಲಿ ಅದು ಬರೀ ಅಳುವಾಗುತ್ತಿತ್ತು.

ಶರ್ಮಿಷ್ಠೆಗೆ ಅಷ್ಟು ಜಾಗ ಕೊಡಲಿಲ್ಲ. ಒಂದೇ ರಾತ್ರಿಯ ಆಟ, ಎಲ್ಲರಿಗೂ ಪದ ಹಂಚಿದರೆ ಕೋಳಿ ಕೂಗಿದರೂ ಮುಗಿಯುವುದಿಲ್ಲ.

ಕೊನೆಯ ದೃಶ್ಯಕ್ಕೆ ಮಾತ್ರ ಊರಲ್ಲಿ ತಕರಾರು ಎದ್ದಿತು. ಮಹಾಭಾರತದಲ್ಲಿ ಯಯಾತಿ ಸಾವಿರ ವರ್ಷ ಸುಖ ಉಂಡು, ತುಪ್ಪ ಸುರಿದರೆ ಬೆಂಕಿ ಆರುವುದಿಲ್ಲ, ಭೋಗದಿಂದ ಆಸೆ ತೀರುವುದಿಲ್ಲ ಅಂತ ಹೇಳಿ ಮಗನಿಗೆ ಹರೆಯ ಹಿಂದಿರುಗಿಸುತ್ತಾನೆ. ಹಿರಿಯರಿಗೆ ಆ ಮಾತು ಇರಲೇಬೇಕು. ಇಟ್ಟೆ. ಆದರೆ ವಾಲಿಕಾರನ ಪಾರ್ಟಿನ ಹುಡುಗ ತಾಲೀಮಿನಲ್ಲಿ ಒಂದು ಪ್ರಶ್ನೆ ಕೇಳಿದ್ದ: ‘ಮಾಸ್ತರ, ನನಗೂ ವಯಸ್ಸಾಗೇತಲ್ಲ, ನಾ ಯಾರನ್ನ ಕೇಳ್ಲಿ?’ ಅದನ್ನು ಬಿಡಲು ಮನಸ್ಸಾಗಲಿಲ್ಲ. ಹಾಗಾಗಿ ಯಯಾತಿ ಆ ದೊಡ್ಡ ಮಾತು ಹೇಳಿ ಮುಗಿಸಿದ ಕೂಡಲೇ ವಾಲಿಕಾರ ಮುಂದೆ ಬಂದು ಕೈ ಚಾಚುತ್ತಾನೆ: ‘ಸಾಕಾಗಿದ್ರ ಉಳಿದದ್ದು ನನಗ ಕೊಡ್ರಿ ಧಣ್ಯಾರ, ಮಗನಿಗ ಕೊಡೂಕಿಂತ ಮದಲ.’

ಜನ ಬಿದ್ದು ಬಿದ್ದು ನಕ್ಕರು. ಧರ್ಮದ ಮಾತಿನ ಮೇಲೆ ಮಣ್ಣು ಹಾಕಿದೆ ಅಂತ ಇಬ್ಬರು ಹಿರಿಯರು ಮರುದಿನ ಬಂದು ಬೈದರು. ಅವರು ಹೇಳುವುದರಲ್ಲೂ ಅರ್ಥವಿದೆ, ನಗೆಯಲ್ಲಿ ರಾಜನ ಮಾತು ಅರ್ಧ ಮುಳುಗಿದ್ದು ನಿಜ. ಆದರೂ ಆ ಸಾಲನ್ನು ತೆಗೆಯುವುದಿಲ್ಲ. ಸಾವಿರ ವರ್ಷ ಉಂಡವನು ಸಾಕು ಅನ್ನುವುದಕ್ಕೂ ಒಂದು ದಿನವೂ ಉಣ್ಣದವನು ಸಾಕು ಅನ್ನುವುದಕ್ಕೂ ವ್ಯತ್ಯಾಸ ಇದೆ. ವಾಲಿಕಾರನಿಗೆ ಈಗ ಪಕ್ಕದ ಊರುಗಳಲ್ಲೂ ಹೆಸರು ಬಂದಿದೆ. ಆ ಜಾಗದಲ್ಲಿ ತನಗೊಂದು ಪದ ಬೇಕೇ ಬೇಕು ಅಂತ ಹುಡುಗ ಹಟ ಹಿಡಿದಿದ್ದಾನೆ. ತಬಲಾದವನೂ ನಾನೂ ಸೇರಿ ಧಾಟಿ ಹುಡುಕುತ್ತಿದ್ದೇವೆ.