ಮಸ್ಕತ್‌ಗೆ ಹೊಸದಾಗಿ ಬಂದಿದ್ದೀರಾ? ಮೊದಲು ನೀರಿನ ವಿಷಯ

ಬೇಸಿಗೆಯಲ್ಲಿ ಬಂದಿಳಿದವರಿಗೆ ಮೊದಲ ಪಾಠ ಬಚ್ಚಲುಮನೆಯಲ್ಲೇ ಆಗುತ್ತದೆ. ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವಷ್ಟು ಬಿಸಿನೀರು. ಸುಮ್ನೆ ಪ್ಲಂಬರ್‌ಗೆ ಫೋನ್ ಮಾಡಬೇಡಿ. ಟ್ಯಾಂಕ್ ಇರುವುದು ತಾರಸಿ ಮೇಲೆ, ಬಿಸಿಲಿಗೆ ಕಾದಿರುತ್ತದೆ, ಅಷ್ಟೇ. ಗೀಸರ್ ಆಫ್ ಮಾಡಿಡಿ. ಅದು ಎಸಿ ಇರುವ ಮನೆಯೊಳಗೆ ಇರುವುದರಿಂದ ಅದರಲ್ಲಿನ ನೀರು ಆರಿರುತ್ತದೆ. ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು! ಎರಡು ದಿನ ಗಲಿಬಿಲಿ, ಆಮೇಲೆ ರೂಢಿಯಾಗುತ್ತದೆ.

ಆ ನೀರು ಬರುವುದು ಸಮುದ್ರದಿಂದ. ಘುಬ್ರಾ, ಬರ್ಕಾದಂಥ ಕಡೆ ಉಪ್ಪು ತೆಗೆದು ಊರಿಗೆ ಬಿಡುತ್ತಾರೆ. ಒಮಾನ್ ನಮ್ಮ ಕರ್ನಾಟಕದ ಒಂದೂವರೆ ಪಟ್ಟಿಗಿಂತ ದೊಡ್ಡದು, ಆದರೆ ನದಿ ಅನ್ನುವಂಥದ್ದು ಒಂದೂ ಇಲ್ಲ. ಹಾಗಂತ ಎಲ್ಲ ಕಡೆ ಮರಳೇ ಅಂದುಕೊಳ್ಳಬೇಡಿ. ಮಸ್ಕತ್ ಹಿಂದೆಯೇ ಹಜರ್ ಬೆಟ್ಟಸಾಲು, ಅದರ ಜೆಬೆಲ್ ಶಮ್ಸ್ ಶಿಖರ ಸುಮಾರು 3,000 ಮೀಟರ್ ಎತ್ತರ. ದಕ್ಷಿಣದ ಸಲಾಲಾದಲ್ಲಿ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸೋನೆ ಮಳೆ, ಮಂಜು, ರಸ್ತೆ ಬದಿ ಎಳನೀರು. ಮಲೆನಾಡಿನವರಿಗೆ ಕಣ್ಣು ತುಂಬಿ ಬರುತ್ತದೆ.

ಮಳೆ ಅಂದಾಗ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಒಣಗಿದ ಹಳ್ಳಕ್ಕೆ ಇಲ್ಲಿ ವಾದಿ ಅನ್ನುತ್ತಾರೆ. ನಾವು ಬಂದ ವರ್ಷ ಅಂಥದ್ದೇ ಒಂದರಲ್ಲಿ ಚಾಪೆ ಹಾಸಿ ಚಿತ್ರಾನ್ನದ ಡಬ್ಬಿ ಬಿಚ್ಚಿದ್ದೆವು. ತಲೆ ಮೇಲೆ ಒಂದು ಮೋಡವೂ ಇರಲಿಲ್ಲ. ಮಳೆ ಬಿದ್ದದ್ದು ಮೇಲೆ, ಬೆಟ್ಟದಲ್ಲಿ. ಕಲ್ಲು ಉರುಳುವ ಸದ್ದು ಕೇಳಿ ಒಬ್ಬ ಒಮಾನಿ ಅಜ್ಜ ಕೂಗಿಕೊಂಡಿರದಿದ್ದರೆ ಕಾರು ನೀರಲ್ಲಿ ಕೊಚ್ಚಿಹೋಗಿರುತ್ತಿತ್ತು. ಡಬ್ಬಿ ಹೋಯಿತು. ಹರಿಯುವ ವಾದಿಗೆ ಗಾಡಿ ಇಳಿಸುವುದು ಇಲ್ಲಿ ಅಪರಾಧ. ತುರ್ತು ನಂಬರ್ 9999, ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ದುಡ್ಡಿನ ವಿಷಯ. ಒಂದು ರಿಯಾಲ್‌ಗೆ 1,000 ಬೈಸಾ. ಬೈಸಾ ಅಂದರೆ ನಮ್ಮ ಪೈಸೆಯೇ, ಅರಬ್ಬಿಯಲ್ಲಿ 'ಪ' ಇಲ್ಲ, ಅಲ್ವಾ. 1970ರವರೆಗೂ ಮಸ್ಕತ್‌ನಲ್ಲಿ ರೂಪಾಯಿಯೇ ಓಡುತ್ತಿತ್ತು. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ನೋಟು ತಂದಿತ್ತು. ಬಿಲ್‌ನಲ್ಲಿ 1.200 ಅಂತಿದ್ದರೆ ಒಂದು ರಿಯಾಲ್ 200 ಬೈಸಾ. ಸಾವಿರದ ಇನ್ನೂರು ಅಂತ ಗಾಬರಿಯಾಗಬೇಡಿ.

ನಂಟು ಅದಕ್ಕಿಂತ ಹಳೆಯದು. ಕರಾವಳಿಯ ಅಕ್ಕಿ ಹಡಗೇರಿ ಮಸ್ಕತ್‌ಗೆ ಬರುತ್ತಿತ್ತು. ಟಿಪ್ಪು ಸುಲ್ತಾನ್ ಇಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಪೋರ್ಚುಗೀಸರು 1507ರಲ್ಲಿ ಹಿಡಿದ ಮಸ್ಕತ್ತನ್ನು ಒಮಾನಿಗಳು 1650ರಲ್ಲಿ ವಾಪಸ್ ಪಡೆದರು, ಆಮೇಲೆ ಪೂರ್ವ ಆಫ್ರಿಕಾದ ಜಾಂಜಿಬಾರ್‌ವರೆಗೂ ಆಳಿದರು. ನೆರೆಯವರು ಅಲ್ಲಿನ ಸ್ವಾಹಿಲಿ ಮಾತಾಡಿದರೆ ಆಶ್ಚರ್ಯ ಬೇಡ. ಎಣ್ಣೆ ರಫ್ತು ಶುರುವಾದದ್ದು 1967ರಲ್ಲಿ. 1970ರಲ್ಲಿ ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದಾಗ ದೇಶದಲ್ಲಿ ಇದ್ದದ್ದು ಮೂರೇ ಶಾಲೆ, ಸುಮಾರು 10 ಕಿಲೋಮೀಟರ್ ಟಾರ್ ರಸ್ತೆ. ಇವತ್ತು ಓದಿದ ಒಮಾನಿ ಹುಡುಗ ಹುಡುಗಿಯರು ಜಾಸ್ತಿ, ಕೆಲವು ಕೆಲಸಗಳನ್ನು ಅವರಿಗೇ ಮೀಸಲಿಟ್ಟಿದ್ದಾರೆ. ಅದು ನ್ಯಾಯವೇ. ಕೆಲಸ ಬದಲಿಸುವ ಮುಂಚೆ ನಿಮ್ಮ ಹುದ್ದೆ ಆ ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ.

ರಜೆ ಶುಕ್ರವಾರ, ಶನಿವಾರ. ಮೊದಲ ಶುಕ್ರವಾರವೇ ನಿಜ್ವಾಕ್ಕೆ ಹೋಗಿಬನ್ನಿ. ಬೆಳಿಗ್ಗೆ ಬೇಗ ತಲುಪಿದರೆ ಆಡಿನ ಸಂತೆ ಸಿಗುತ್ತದೆ. ಕೊಳ್ಳುವವರು ಸುತ್ತ ಕೂತಿರುತ್ತಾರೆ, ಮಾರುವವರು ಆಡು ಹಿಡಿದುಕೊಂಡು ರೇಟು ಕೂಗುತ್ತಾ ಸುತ್ತುಹಾಕುತ್ತಾರೆ. ಅಲ್ಲಿಂದ ಫಲಜ್ ದಾರಿಸ್‌ಗೆ ಹೋಗಿ. ನೆಲದಡಿಯ ನೀರನ್ನು ಪಂಪಿಲ್ಲದೆ, ಬರೀ ಇಳಿಜಾರಿನಲ್ಲೇ ಖರ್ಜೂರದ ತೋಟಕ್ಕೆ ತರುವ ಕಾಲುವೆ ಅದು. 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಐದು ಫಲಜ್‌ಗಳಲ್ಲಿ ಒಂದು. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಅನ್ನುವುದನ್ನು ಹಿಂದೆ ಹಗಲಲ್ಲಿ ನೆರಳು, ರಾತ್ರಿ ನಕ್ಷತ್ರ ನೋಡಿ ಅಳೆಯುತ್ತಿದ್ದರು. ಕಾಲು ಇಳಿಬಿಟ್ಟು ಕೂರಬಹುದು. ಸೋಪು ಮಾತ್ರ ಹಾಕಬೇಡಿ, ಕೆಳಗಿನವರ ತೋಟಕ್ಕೆ ಹೋಗುವ ನೀರು ಅದು.