ನಲವತ್ತೈದು ದಾಟಿದವರಿಗೆ ನಡಿಗೆಯೊಂದೇ ಸಾಲದು

ನಮ್ಮ ಬಳಗದ ನಡುವಯಸ್ಸಿನವರಲ್ಲಿ ಹೆಚ್ಚಿನವರ ವ್ಯಾಯಾಮವೆಂದರೆ ಅದೇ ಉದ್ಯಾನದಲ್ಲಿ ಅದೇ ವೇಗದ ನಡಿಗೆ. ಅದು ಹೃದಯಕ್ಕೆ ಒಳ್ಳೆಯದೇ. ಆದರೆ ವಯಸ್ಸಿನೊಂದಿಗೆ ಕರಗತೊಡಗುವ ಸ್ನಾಯುಗಳನ್ನು ಉಳಿಸಿಕೊಳ್ಳಲು ಅಷ್ಟೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಯಸ್ಕರಿಗೆ ವಾರದಲ್ಲಿ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯ ಜೊತೆಗೆ, ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ನೀಡುವ ವ್ಯಾಯಾಮವನ್ನೂ ಸೂಚಿಸುತ್ತದೆ.

ಇದಕ್ಕೆ ಜಿಮ್ ಬೇಕೇ ಬೇಕೆಂದಿಲ್ಲ. ನಮ್ಮ ಗರಡಿ ಮನೆಗಳ ದಂಡ, ಬಸ್ಕಿಗಳೇ ಧಾರಾಳವಾಗಿ ಸಾಕು. ಪೂರ್ತಿ ಬಸ್ಕಿ ಕಷ್ಟವೆನಿಸುವವರು ಕೈಯೂರದೆ ಕುರ್ಚಿಯಿಂದ ಎದ್ದು, ನಿಧಾನವಾಗಿ ಮತ್ತೆ ಕುಳಿತುಕೊಳ್ಳುವುದನ್ನು ಹತ್ತು ಬಾರಿ ಮಾಡಬಹುದು. ದಂಡವನ್ನು ಮೊದಲು ಗೋಡೆಗೆ ಅಂಗೈಯೂರಿ ಆರಂಭಿಸಿ, ಅದು ಸಲೀಸಾದ ಮೇಲೆ ಅಡುಗೆಮನೆಯ ಕಟ್ಟೆಗೆ, ಅಲ್ಲಿಂದ ನೆಲಕ್ಕೆ ಇಳಿಯುವುದು ಕ್ಷೇಮ. ಶ್ರಮ ಹಾಕುವಾಗ ಉಸಿರನ್ನು ಹೊರಬಿಡಬೇಕು. ಬಿಗಿಹಿಡಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ಇಂತಹ ಎರಡು ದಿನಗಳ ನಡುವೆ ಒಂದು ದಿನವಾದರೂ ಬಿಡುವಿರಲಿ.

ಉಳಿದ ದಿನಗಳಲ್ಲಿ ಒಂದನ್ನು ಮೆಟ್ಟಿಲು ಅಥವಾ ಏರುದಾರಿಗೆ ಮೀಸಲಿಡಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳೇ ಇವೆ. ಇಳಿಯುವಾಗ ಮಂಡಿಗೆ ಹೆಚ್ಚು ಹೊರೆ ಬೀಳುವುದರಿಂದ, ಹತ್ತಿ ಹೋಗಿ ಬಸ್ಸಿನಲ್ಲಿ ಹಿಂತಿರುಗುವುದರಲ್ಲಿ ನಾಚಿಕೆಯೇನೂ ಇಲ್ಲ. ಮಂಡಿನೋವಿದ್ದವರಿಗೆ ಈಜು ಅಥವಾ ಸೈಕಲ್ ಹೆಚ್ಚು ಹಿತ. ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸವು ಸಮತೋಲನಕ್ಕೆ ಒಳ್ಳೆಯದು. ಇನ್ಸುಲಿನ್ ಪಡೆಯುವವರು ಮತ್ತು ಹೃದಯದ ತೊಂದರೆಯುಳ್ಳವರು ಈ ಬದಲಾವಣೆಗೆ ಮೊದಲು ತಮ್ಮ ವೈದ್ಯರನ್ನು ಕೇಳುವುದು ಅಗತ್ಯ.