ಸಂತೆ ಕೋಳಿಗೆ 40 ದಿನದ ಬಾಣಂತನ

ತೀರ್ಥಹಳ್ಳಿ ಹತ್ರ ನಮ್ಮನೆ, ಹಿಂದೆ ಅಡಕೆ ತೋಟ. ಕೋಳಿ ಸಾಕೋದು ನಾನು ಹೊಸದಾಗಿ ಶುರು ಮಾಡಿದ್ದೇನಲ್ಲ, ಅತ್ತೆ ಕಾಲದಿಂದ ಇದ್ದಿದ್ದೇ, ಬೆಳಿಗ್ಗೆ ಬಿಡೋದು, ಒಂದು ಹಿಡಿ ಭತ್ತ ಎರಚೋದು, ಸಂಜೆ ಗೂಡಿಗೆ ಕೂಡೋದು, ಅಷ್ಟೇ. ಹೊಸ ಕೋಳಿನ ಹಳೇವುಗಳ ಜೊತೆ ಸೇರಿಸಕ್ಕೂ ಒಂದು ಲೆಕ್ಕಾಚಾರ ಬೇಕು ಅಂತ ಗೊತ್ತಾಗಿದ್ದು 14 ಕೋಳಿಲಿ 11 ಸತ್ತ ಮೇಲೆ.

ಸಂತೆಯಲ್ಲಿ ಎರಡು ಹೇಂಟೆ ಚೆನ್ನಾಗಿ ಕಂಡ್ವು, ಮನೆಗೆ ತಂದು ಅವತ್ತು ಸಂಜೆನೇ ನಮ್ಮವುಗಳ ಜೊತೆ ಕೂಡಿದೆ. ಒಂದರ ಗಂಟಲಲ್ಲಿ ಸಣ್ಣಗೆ ಗೊರಗೊರ ಇತ್ತು, ಚೀಲದಲ್ಲಿ ಬಂದಿದ್ದಕ್ಕೆ ಸುಸ್ತಾಗಿರ್ಬೇಕು ಅಂದ್ಕೊಂಡೆ. ಆರನೇ ದಿನ ಅದು ತೂಕಡಿಸ್ತಾ ಕೂತ್ಕೊಂಡಿತು, ಹಸಿರು-ಬಿಳಿ ಬೇಧಿ, ಬಾಯಿ ಬಿಟ್ಕೊಂಡು ಉಸಿರು ಎಳೆಯೋದು. ಆಮೇಲೆ ನಮ್ಮ ಕೆಂಪು ಹುಂಜ. ಕತ್ತು ತಿರುಚ್ಕೊಂಡು ಇದ್ದಲ್ಲೇ ಸುತ್ತೋದು, ಎದುರಿಗೆ ಭತ್ತ ಹಾಕಿದ್ರೆ ಕುಕ್ಕಕ್ಕೆ ಹೋಗಿ ಕಾಳಿಂದ ನಾಲ್ಕು ಬೆರಳು ಆಚೆ ಬರೀ ನೆಲ ಕುಕ್ತಿತ್ತು ಪಾಪ. ನೋಡಕ್ಕಾಗಲ್ಲ ಮಾರಾಯ್ರೆ.

ಅದೇ ಕೊಕ್ಕರೆ ರೋಗ, ಡಾಕ್ಟ್ರು ರಾಣಿಕೇತ್ ಅಂತಾರೆ. ವೈರಸ್ಸಿಂದ ಬರೋದು, ಬಂದ್ಮೇಲೆ ಮದ್ದಿಲ್ಲ. ಬೆಳ್ಳುಳ್ಳಿ, ಕಾಳುಮೆಣಸು ಎಲ್ಲ ಅರೆದು ನುಂಗಿಸಿದ್ದಾಯ್ತು, ಏನೂ ಆಗ್ಲಿಲ್ಲ. ಲಸಿಕೆನಾದ್ರೂ ಹಾಕಿ ಅಂತ ಪಶು ಆಸ್ಪತ್ರೆಗೆ ಓಡಿದ್ರೆ ಡಾಕ್ಟ್ರು, ಕಾಯಿಲೆ ಹತ್ತಿದ್ದಕ್ಕೆ ಈಗ ಹಾಕಿ ಪ್ರಯೋಜನ ಇಲ್ಲಮ್ಮ ಅಂದ್ರು. ನೆರೆಯವ್ರೊಬ್ರು "ಉಸಿರಿರೋವಾಗ್ಲೇ ಕೊಯ್ದಿದ್ರೆ ಕಡುಬಿಗೆ ಸಾರಾದ್ರೂ ಆಗ್ತಿತ್ತಲ್ಲ" ಅಂತ ಬೇಜಾರು ಮಾಡ್ಕೊಂಡ್ರು. ಹಂಗೆ ಕೊಯ್ದು ಪುಕ್ಕ ಕರುಳು ಬೇಲಿ ಆಚೆ ಎಸೆದು, ನಾಯಿ ಎಳಕೊಂಡು ಹೋಗಿಯೇ ಊರಿಗೆಲ್ಲ ಹಬ್ಬೋದು. ನಾವು ತೋಟದ ಮೂಲೆಲಿ ಆಳದ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿದ್ವಿ.

ಉಳಿದ ಮೂರು ಹೇಂಟೆ ಇಟ್ಕೊಂಡು ಬಹಳ ದಿನ ಹೊಸದು ತರ್ಲಿಲ್ಲ. ಗೂಡಿನ ಹೊಟ್ಟೆಲ್ಲ ಸುಟ್ಟು, ಗೋಡೆಗೆ ಸುಣ್ಣ ಬಳಿದು, ಮುಂದಿನ ಮಳೆಗಾಲ ಮುಗೀತಾ ಬಂದಾಗ ಐದು ನಾಟಿ ಮರಿ ತಂದೆ, ಸುಮಾರು ಎರಡು ತಿಂಗಳಿನವು. ಗಿರಿರಾಜ ತಳಿ ತಗೊಳ್ಳಿ ಬೇಗ ತೂಕ ಬರ್ತದೆ ಅಂದವ್ರಿದ್ರು, ಆದ್ರೆ ಅವು ಕಾವಿಗೆ ಕೂರೋದು ಅಪರೂಪ, ನಂಗೆ ಮನೇಲೇ ಮರಿ ಏಳ್ಬೇಕಿತ್ತು.

ಈ ಸಲ ಗೂಡಿನ ಕಡೆ ತರ್ಲೇ ಇಲ್ಲ. ಅಡಕೆ ಸುಲಿಯೋ ಶೆಡ್ಡಿನ ಆಚೆ ಹಳೇ ಸೌದೆ ಕೊಟ್ಟಿಗೆ ಇದೆ, ಅದಕ್ಕೆ ಬಲೆ ಕಟ್ಟಿ ಅಲ್ಲಿ ಬಿಟ್ಟೆ. ಒಂದು ತಿಂಗಳು ಅಲ್ಲೇ ಇರ್ಲಿ, ಕಾಯಿಲೆ ಇದ್ರೆ ಗೊತ್ತಾಗ್ಲಿ ಅಂದೆ. ಅತ್ತೆ ನಕ್ಕಿದ್ದೇ ನಕ್ಕಿದ್ದು, "ಕೋಳಿಗೆಲ್ಲ ಬಾಣಂತನ ಮಾಡ್ತಾಳೆ ನಮ್ ಸೊಸೆ" ಅಂತ ಬಂದೋರಿಗೆಲ್ಲ ಹೇಳೋರು. ನಾನು ಮೊದ್ಲು ಹಳೇ ಕೋಳಿ ಕೆಲಸ ಮುಗಿಸಿ ಕೊನೆಗೆ ಅಲ್ಲಿಗೆ ಹೋಗ್ತಿದ್ದೆ, ಅಲ್ಲಿಗೇ ಬೇರೆ ಹವಾಯಿ ಚಪ್ಪಲಿ, ಬೇರೆ ನೀರಿನ ಬಟ್ಟಲು. ಚಪ್ಪಲಿ ವಿಷ್ಯ ನಮ್ಮನೆಯವ್ರಿಗೆ ತಲೆಗೆ ಹೋಗಕ್ಕೆ ಒಂದು ವಾರ ಬೇಕಾಯ್ತು.

ಬಹಳ ಉಪಯೋಗ ಆಗಿದ್ದು ಒಂದು ಗೋಣಿಚೀಲ. ರಾತ್ರಿ ಅವು ಕೂರೋ ಕೋಲಿನ ಕೆಳಗೆ ಹಾಸ್ತಿದ್ದೆ, ಬೆಳಿಗ್ಗೆ ಎದ್ದು ಹಿಕ್ಕೆ ನೋಡೋದು. ಒಂಬತ್ತನೇ ದಿನ ಎರಡು ಕಡೆ ಇಟ್ಟಿಗೆ ಬಣ್ಣ, ಕೋಲಲ್ಲಿ ಕೆದಕಿದ್ರೆ ಲೋಳೆ ಜೊತೆ ರಕ್ತ. ಒಂದು ಮರಿ ಪುಕ್ಕ ಉಬ್ಬಿಸ್ಕೊಂಡು ಮೂಲೆ ಹಿಡಿದಿತ್ತು. ಹಿಕ್ಕೆ ಚೂರು ಪ್ಲಾಸ್ಟಿಕ್ಕಲ್ಲಿ ಕಟ್ಕೊಂಡು ಆಸ್ಪತ್ರೆಗೆ ಹೋದೆ, ರಕ್ತಭೇದಿ ಅಂದ್ರು, ಆಂಪ್ರೋಲಿಯಂ ಪುಡಿ ಬರ್ಕೊಟ್ರು, 5 ದಿನ ಅದನ್ನ ಕಲಸಿದ ನೀರು ಬಿಟ್ರೆ ಬೇರೆ ನೀರು ಕುಡಿಯಕ್ಕೆ ಸಿಗಬಾರ್ದು ಅಂತ. ಇದು ಕೊಕ್ಕರೆ ರೋಗದ ಹಂಗಲ್ಲ, ಬೇಗ ಹಿಡಿದ್ರೆ ಉಳೀತಾವೆ. ಹಿಕ್ಕೆಲಿ ಬೀಳೋ ಈ ರೋಗಾಣುವಿನ ಮೊಟ್ಟೆ ಬಿದ್ದ ಕೂಡ್ಲೇ ಅಂಟಲ್ಲ, ತೇವ, ಬೆಚ್ಚಗೆ ಸಿಕ್ಕಿ ಒಂದೆರಡು ದಿನ ಆದ್ಮೇಲೆ ಅಂಟೋ ಹಂಗಾಗೋದು, ನಮ್ಮ ಮಲೆನಾಡ ಮಳೇಲಿ ತೇವಕ್ಕೇನು ಬರ. ಸೂರಿನ ನೀರು ಗಾಳಿಗೆ ಒಳಗೆ ಎರಚಿ ಹೊಟ್ಟು ಹಿಂಡೋ ಹಂಗಿತ್ತು, ಅದನ್ನೆಲ್ಲ ಎಳೆದು ಹಾಕಿ ದಿನಾ ಒಣ ಉಮಿ ಬದಲಾಯಿಸಿದೆ. ಐದೂ ಉಳಿದ್ವು.

ಚೇತರಿಸ್ಕೊಂಡು ಗಟ್ಟಿಯಾದ ಮೇಲೆ 20ನೇ ದಿನ ರೆಕ್ಕೆ ಬುಡಕ್ಕೆ ಚುಚ್ಚೋ ರಾಣಿಕೇತ್ ಲಸಿಕೆ ಹಾಕ್ಸಿದ್ದು, ಆರ್‌ಟೂಬಿ ಅಂತ, 8 ವಾರ ಆಗಿರ್ಬೇಕು ಅದಕ್ಕೆ. ಹಳೇ ಮೂರಕ್ಕೂ ಅವತ್ತೇ. ನಮಗೆ ಸಿಕ್ಕಿದ್ದು 100 ಡೋಸಿನ ಸೀಸೆ, ನಮ್ಮವು ಎಂಟು ಕೋಳಿ, ಒಮ್ಮೆ ಕಲಸಿದ್ರೆ ಗಂಟೆ ಎರಡು ಗಂಟೆ ಒಳಗೆ ಮುಗಿಸ್ಬೇಕು. ಅದಕ್ಕೆ ಅಕ್ಕಪಕ್ಕದ ನಾಲ್ಕು ಮನೆಯವ್ರಿಗೆ ಹಿಂದಿನ ರಾತ್ರಿನೇ ಕೋಳಿ ಕೂಡಿ ಇಡಿ ಅಂತ ಹೇಳಿ, ಥರ್ಮಾಸಲ್ಲಿ ಐಸ್ ತುಂಬ್ಕೊಂಡು ಸೀಸೆ ತಂದ್ವಿ. ಲಸಿಕೆ ಹಿಡಿಯಕ್ಕೆ ಮತ್ತೆ ಎರಡು ವಾರ ಅಂತ ಕಾದು ಕಾದು ಒಂದು ತಿಂಗಳು ಅಂದಿದ್ದು 40 ದಿನ ಆಯ್ತು, ಅತ್ತೆ ಬಾಣಂತನದ ಲೆಕ್ಕ ಸರಿಯಾಗೇ ಬಂತು.

ಇನ್ನು ಸೇರಿಸೋದು. ಒಂದು ವಾರ ಹೊಸವನ್ನ ಗೂಡಿನ ಪಕ್ಕ ಬಲೆ ಒಳಗೆ ಇಟ್ಟೆ, ಕಾಣ್ಬೇಕು, ಕುಕ್ಕಕ್ಕೆ ಸಿಗಬಾರ್ದು. ಆಮೇಲೆ ಒಂದು ರಾತ್ರಿ ಟಾರ್ಚ್ ಇಲ್ದೆ ಒಂದೊಂದೇ ಎತ್ತಿ ಹಳೇವುಗಳ ಪಕ್ಕ ಕೋಲಿನ ಮೇಲೆ ಕೂರಿಸ್ದೆ. ಐದೂ ಒಟ್ಟಿಗೆ, ಒಂಟಿ ಕೋಳಿ ಬಿಟ್ರೆ ಎಲ್ಲದರ ಸಿಟ್ಟೂ ಅದರ ಮೇಲೇ. ಬೆಳಿಗ್ಗೆ ಜಗಳ ಆಗೇ ಆಗ್ತದೆ, ಹಳೇ ಕರಿ ಹೇಂಟೆ ಹೊಸದೊಂದರ ಜುಟ್ಟು ಹಿಡಿದು ರಕ್ತ ತೆಗೀತು. ಬರೀ ಅಟ್ಟಾಡಿಸೋದಾದ್ರೆ ನಾನು ಮಧ್ಯೆ ಹೋಗಲ್ಲ, ರಕ್ತ ಕಂಡ್ರೆ ಮಾತ್ರ ಸುಮ್ನಿರಲ್ಲ, ಕೆಂಪು ಕಂಡ್ರೆ ಎಲ್ಲಾ ಅಲ್ಲೇ ಕುಕ್ತಾವೆ. ಗಾಯದ್ದಕ್ಕೆ ಅರಿಶಿನ ಎಣ್ಣೆ ಹಚ್ಚಿ ಬೇರೆ ಮಾಡಿ, ಜೊತೆಗೆ ಕರಿಯನ್ನೂ ಮೂರು ದಿನ ಬುಟ್ಟಿ ಕೆಳಗೆ ಹಾಕ್ದೆ. ವಾಪಸ್ ಬಿಟ್ಟಾಗ ಅದರ ದರ್ಬಾರು ಅರ್ಧ ಇಳಿದಿತ್ತು. ಕಾಳು ಮೂರು ಕಡೆ ಎರಚ್ತಿದ್ದೆ, ಒಂದು ಕಡೆ ಓಡಿಸಿದ್ರೆ ಇನ್ನೊಂದು ಕಡೆ ತಿನ್ಲಿ ಅಂತ.

ಎರಡು ವಾರಕ್ಕೆ ನಾಲ್ಕು ಹೊಂದ್ಕೊಂಡ್ವು. ಜುಟ್ಟು ಕಿತ್ತಿಸ್ಕೊಂಡಿದ್ದು ಮಾತ್ರ ಇವತ್ತಿಗೂ ಗೂಡಿಗೆ ಬರಲ್ಲ, ಕತ್ತಲಾಗ್ತಿದ್ದಂಗೆ ಹಲಸಿನ ಮರ ಹತ್ತಿ ಕೂರ್ತದೆ. ಕಾಡುಬೆಕ್ಕಿನ ಕಾಟ ಬೇರೆ, ದಿನಾ ಸಂಜೆ ನಾನು ಕೆಳಗೆ ದೋಟಿ ಹಿಡ್ಕೊಂಡು, ಅದು ಮೇಲಿನ ಕೊಂಬೆಗೆ.